ಹಾಡುಹಗಲಲ್ಲಿ ಹಳೆಯ ದೆವ್ವದ ಸಿನಿಮಾ

ಹುಡುಗಿಯಾಗಿದ್ದಾಗ ಧಾರವಾಡದ ಟಾಕೀಸಿನಲ್ಲಿ ನೋಡಿ ನಡುಗಿದ್ದ ದೆವ್ವದ ಸಿನಿಮಾವನ್ನು ಹೋದ ಭಾನುವಾರ ಮಧ್ಯಾಹ್ನ ಖರಾಡಿಯ ನಮ್ಮ ಫ್ಲ್ಯಾಟಿನಲ್ಲಿ ಮತ್ತೆ ಹಾಕಿಸಿದೆ. ಮಗಳೂ ಅವಳ ಆಫೀಸಿನ ಗೆಳತಿಯರೂ ಮೊದಲ ದೃಶ್ಯಕ್ಕೇ ನಗತೊಡಗಿದರು.

“ಅವ್ವಾ, ಈಗ ಇದಕ್ಕ ಯಾರ ಅಂಜ್ತಾರ?” ಎಂದಳು ಮಗಳು.

“ಮೊದಲ ಮೊಬೈಲ್ ಕೆಳಗಿಡ್ರಿ, ಆಮ್ಯಾಲೆ ನಗ್ರಿ,” ಎಂದು ನಾನು ಕಿಟಕಿಯ ಪರದೆ ಎಳೆದೆ.

ಸಿನಿಮಾದಲ್ಲಿ ಸತ್ತುಹೋದ ಅತ್ತೆ ಅಡುಗೆಮನೆಯಿಂದ ಸೊಸೆಯನ್ನು ಮೆಲ್ಲಗೆ, ಅಕ್ಕರೆಯಿಂದ ಕರೆದಾಗ ಎಲ್ಲರ ನಗು ನಿಂತಿತು. ಮಗಳು ಕಾಲುಗಳನ್ನು ಸೋಫಾದ ಮೇಲೆ ಎಳೆದುಕೊಂಡು ನನ್ನ ತೋಳು ಹಿಡಿದಳು.

“ಅವ್ವಾ, ಸಾಕು, ಬಂದ್ ಮಾಡು.”

ನನ್ನ ಎದೆಯೂ ಹೊಡೆದುಕೊಳ್ಳುತ್ತಿತ್ತು. ಈ ವಯಸ್ಸಿನಲ್ಲೂ ಅಂಜುತ್ತೇನೆಂದು ಹೇಳಲು ನನಗೇನೂ ನಾಚಿಕೆಯಿಲ್ಲ. ಆದರೆ ಎದ್ದು ಹೋಗುವವಳು ನಾನಲ್ಲ.

“ಬಂದ್ ಮಾಡಂಗಿಲ್ಲ. ಅಂಜಿಕೋತನ ಪೂರ್ತಿ ನೋಡೂಣು,” ಎಂದು ರಿಮೋಟನ್ನು ಮಡಿಲಲ್ಲಿ ಬಚ್ಚಿಟ್ಟುಕೊಂಡೆ.