ಕಣ್ಣಿಲ್ಲದ ಕೃಷ್ಣ

ನೋಡ್ರಪ್ಪಾ, ಇವತ್ತು ಮಧ್ಯಾಹ್ನ ಮುಳಬಾಗಿಲಿನಲ್ಲಿ ನಾಟಕ ಕಂಪನಿಯ ಡೇರೆಯಲ್ಲಿ ಹಳೆಯ ಸಂಗೀತ ನಾಟಕವೊಂದನ್ನು ಹೊಸದಾಗಿ ಆಡಿದರು. ಬಣ್ಣದ ಪರದೆಯ ಬದಲು, ನಾನು ಶಿವಾರಪಟ್ಟಣದಲ್ಲಿ ಕೆತ್ತಿದ ಕಲ್ಲಿನ ಕೃಷ್ಣನನ್ನೇ ನಿಲ್ಲಿಸಿದ್ದರು.

"ರೇಯ್, ದೇವ್ರಿಗೆ ಕಣ್ಣೇ ಇಲ್ಲ ಕಣ್ರೋ!" ಎಂದು ಜನ ಕೂಗಿದರು.

"ಈಗ್ಲೇ ಕಣ್ಣು ಕೆತ್ತೋ," ಎಂದ ಮ್ಯಾನೇಜರು.

"ಕಣ್ಣು ತೆರೆಯೋದು ಗುಡೀಲಿ. ತೆರೆದ್ರೆ ದಿನಾ ಪೂಜೆ ಆಗ್ಬೇಕು. ಯಾರ್ ಮಾಡ್ತಾರೆ, ನಿಮ್ಮ ಹಾರ್ಮೋನಿಯಂನವನಾ?" ಎಂದೆ.

ಮ್ಯಾನೇಜರು ತಾನೇ ಕಾಡಿಗೆಯಲ್ಲಿ ಕಣ್ಣು ಬರೆದ. ಜನರೆಲ್ಲ ಎದ್ದು ಕೈಮುಗಿದು "ಗೋವಿಂದಾ!" ಎಂದರು. ನಾಯಕನಟನ ಹಾಡು ಯಾರಿಗೂ ಕೇಳಿಸಲಿಲ್ಲ.

"ಒರೆಸೋ ಅದನ್ನ!" ಎಂದು ನಾಯಕ ಒಳಗೆ ಬಂದು ನನ್ನ ಮೇಲೆ ಹಾರಾಡಿದ. ಕಂಪನಿಯಲ್ಲಿ ಒಬ್ಬನಿಗೂ ದೇವರ ಕಣ್ಣೊರೆಸುವ ಧೈರ್ಯವಿಲ್ಲ. ಬರೆದವನೇ ಒರೆಸಲಿ ಎಂದು ನಾನು ಬಸ್ಸು ಹತ್ತಿಬಿಟ್ಟೆ.