ಆಯಸ್ಕಾಂತಕ್ಕೆ ಅಂಟಿದ ಪುಡಿ

ಸಂಡೂರಿನ ಗಣಿಯೊಂದರಲ್ಲಿ ಇಪ್ಪತ್ತೆಂಟು ವರ್ಷ ಅದಿರಿನ ಸ್ಯಾಂಪಲ್ ಕುಟ್ಟಿ ನಿವೃತ್ತನಾದ ಕೊಟ್ರಬಸಪ್ಪ, ಹೊಸಪೇಟೆಯ ಕಾಲೇಜೊಂದರ ಭೌತಶಾಸ್ತ್ರ ಲ್ಯಾಬಿಗೆ ಸಹಾಯಕನಾಗಿ ಸೇರಿದ್ದನ್ನು ಕಾಲೇಜಿಗೆ ತಾನು ಮಾಡಿದ ಉಪಕಾರ ಎಂದೇ ತಿಳಿದಿದ್ದ. ಪುಡಿಯನ್ನು ಎರಡು ಬೆರಳಲ್ಲಿ ತಿಕ್ಕಿ, ಕಣ್ಣು ಮುಚ್ಚಿ, "ಇನ್ನೊಂದು ತಾಸು ಅರೀಬೇಕು" ಎನ್ನುವನು. ಗಣಿಯಲ್ಲಿ ಇಂಜಿನಿಯರುಗಳೂ ಆ ಕಣ್ಣು ತೆರೆಯುವವರೆಗೆ ಕಾಯುತ್ತಿದ್ದರಂತೆ. ಇದಕ್ಕೆ ಸಾಕ್ಷಿ ಅವನೊಬ್ಬನೇ.

ಅವನು ಪುಡಿ ಮಾಡಿಕೊಡುತ್ತಿದ್ದುದು ಸುಮಲತಾಗೆ. ಕಂಪ್ಲಿಯ ಈ ಹುಡುಗಿ ಮೂರು ವರ್ಷದಿಂದ ಬಿಸ್ಮತ್ ಮತ್ತು ಕಬ್ಬಿಣದ ಆಕ್ಸೈಡುಗಳಿಗೆ ಚೂರು ಲ್ಯಾಂಥನಮ್ ಬೆರೆಸಿ, ಬಿಲ್ಲೆ ಮಾಡಿ ಸುಟ್ಟು, ಪಿಎಚ್‌ಡಿ ಮಾಡುತ್ತಿದ್ದಳು.

"ಕಬ್ಬಿಣ ಇದ್ರೂ ಇದು ಆಯಸ್ಕಾಂತಕ್ಕ ಯಾಕ ಅಂಟಂಗಿಲ್ಲವ್ವಾ?" ಎಂದು ಒಮ್ಮೆ ಕೇಳಿದ್ದ.

"ಕಾಕಾ, ಒಂದ ಗಾಡಿಗೆ ಮುಂದೊಂದು ಎತ್ತು, ಹಿಂದೊಂದು ಎತ್ತು ಕಟ್ರಿ. ಎರಡೂ ಜಗ್ತಾವ, ಗಾಡಿ ಹೋಗಂಗಿಲ್ಲ. ಒಳಗ ಕಬ್ಬಿಣದ ಅಣುಗಳೂ ಹಂಗ."

"ಮತ್ತ ನೀ ಮಾಡೋದೇನು?"

"ಬಿಸ್ಮತ್ ಜಾಗದಾಗ ಬ್ಯಾರೆ ಅಣು ಕುಂದ್ರಿಸಿ, ಕಬ್ಬಿಣದ ಅಣು ನಿಂತ ಚೌಕಟ್ಟನ್ನ ಚೂರು ಓರೆ ಮಾಡೋದು. ಚೌಕಟ್ಟು ಓರೆ ಆದ್ರ ಜಗ್ಗೋ ದಿಕ್ಕೂ ಓರೆ. ಆವಾಗ ಗಾಡಿ ಕೂದಲೆಳಿಯಷ್ಟು ಹಂದಾಡ್ತೈತಿ. ಮುಂದೊಂದಿನ ವೋಲ್ಟೇಜ್ ಕೊಟ್ಟು ಆ ಚೌಕಟ್ಟು ತಿರುವಿದ್ರ, ಆಯಸ್ಕಾಂತನೂ ತಿರುಗಬೇಕು."

"ಕೂದಲೆಳಿಗೆ ಮೂರು ವರ್ಷಾ!"

ಕೊನೆಯ ಬಿಲ್ಲೆ ಭಾಳ ಗಟ್ಟಿಯಾಗಿ ಬಂತು. ಅಗೇಟ್ ಕಲ್ಲಿನ ಪುಟ್ಟ ಒರಳಲ್ಲಿ ಅರೆಯಲು ಅರ್ಧ ದಿನ ಬೇಕು. ಆ ಒರಳು ಕೊಟ್ರಬಸಪ್ಪನ ಲೆಕ್ಕದಲ್ಲಿ ಮಕ್ಕಳ ಆಟದ ಸಾಮಾನು. ಸುಮಲತಾ ಊಟಕ್ಕೆ ಹೋದದ್ದೇ ತಡ, ಗಣಿಯ ಕಾಲದ ಕಬ್ಬಿಣದ ಕುಟ್ಟಾಣಿ ತೆಗೆದು ಅರ್ಧ ಬಿಲ್ಲೆಯನ್ನು ಹತ್ತೇ ನಿಮಿಷದಲ್ಲಿ ಹಿಟ್ಟು ಮಾಡಿಟ್ಟು, ಕುಟ್ಟಾಣಿಯನ್ನು ಮರಳಿ ಬೀರುವಿಗೆ ಸೇರಿಸಿದ.

ಸಂಜೆ ವಿಭಾಗದ ಮುಖ್ಯಸ್ಥ ಹಾಲಸ್ವಾಮಿಯವರು ಆ ಪುಡಿಗೆ ಆಯಸ್ಕಾಂತ ಹಿಡಿದರು. ಪುಡಿ ಎದ್ದು ಮೀಸೆಯಂತೆ ಅಂಟಿಕೊಂಡಿತು. ಹಾಲಸ್ವಾಮಿಯವರ ಸ್ವಂತ ಮೀಸೆಯೂ ಎದ್ದು ನಿಂತಿತು.

"ಕೂದಲೆಳಿ ಅಂತಿದ್ದೆಲ್ಲವ್ವಾ! ನಾಳೆ ಪೇಪರ್‌ನೋರನ್ನ ಕರೀರಿ. ಫ್ಲೆಕ್ಸ್‌ನಾಗ ನನ್ನ ಫೋಟೋ ದೊಡ್ಡದಿರ್ಲಿ, ಪುಡಿದು ಸಣ್ಣದಾದ್ರೂ ನಡೀತೈತಿ."

ಸುಮಲತಾ ಕಣ್ಣೊರೆಸಿಕೊಂಡು ಕೊನೆಯ ಅಧ್ಯಾಯ ಬರೆಯಲು ಕುಳಿತಳು. ಕೊಟ್ರಬಸಪ್ಪ ಮಾತ್ರ ಬೀರು ತೆರೆದು ಕುಟ್ಟಾಣಿಯನ್ನು ನೋಡಿದ. ಗಣಿಯಲ್ಲಿ ಅದಿರು ಕುಟ್ಟಿದೊಡನೆ ಆಯಸ್ಕಾಂತ ಆಡಿಸಿ, ಕುಟ್ಟಾಣಿಯಿಂದ ಸವೆದು ಬಿದ್ದ ಕಬ್ಬಿಣ ತೆಗೆಯುವುದು ಪದ್ಧತಿ. ಎಷ್ಟೋ ಹೊಸಬರಿಗೆ ಅವನೇ ಅದನ್ನು ಬೈದು ಬೈದು ಕಲಿಸಿದ್ದ. ಅಂಟಿದ್ದು ಹುಡುಗಿಯ ಪುಡಿಯಲ್ಲ, ತನ್ನ ಕುಟ್ಟಾಣಿ! ಸುಮ್ಮನಿದ್ದರೆ ತನ್ನ ಹೆಸರು ಉಳಿಯುತ್ತದೆ, ಅವಳ ಮೂರು ವರ್ಷ ಸುಳ್ಳಾಗುತ್ತದೆ.

ಮನೆಯಲ್ಲಿ ಹೆಂಡತಿ ಯಮನಮ್ಮ ಎಲ್ಲ ಕೇಳಿ ಅಂದಳು: "ಇಪ್ಪತ್ತೆಂಟು ವರ್ಷ ಒಂದೂ ತಪ್ಪಿಲ್ಲ ಅಂತ ಕೇಳಿ ಕೇಳಿ ನನಗ ಸಾಕಾಗಿತ್ತು. ಈಗೊಂದು ಆತಲ್ಲ, ಹೋಗಿ ಹೇಳ್ರಿ."

ಬೆಳಿಗ್ಗೆ ಫ್ಲೆಕ್ಸಿನ ಕೆಳಗೇ ನಿಂತು ಹೇಳಿದ: "ಸರ್, ಆ ಪುಡಿ ಕೆಟ್ಟೈತ್ರಿ. ಕೆಡಿಸಿದಾಂವ ನಾನು."

"ಪೇಪರ್‌ನೋರು ಹೊಂಟು ಬಂದಾರಲ್ಲಯ್ಯಾ!"

"ಮಂಡಕ್ಕಿ ಮಿರ್ಚಿ ಕೊಡಿಸಿ ಕಳಸ್ರಿ ಸರ್."

ಸುಮಲತಾ ರಾತ್ರಿ ಬರೆದ ಹಾಳೆಗಳನ್ನು ಹರಿದು ಬುಟ್ಟಿಗೆ ಹಾಕಿದಳು. ಆಮೇಲೆ, "ಇನ್ನರ್ಧ ಬಿಲ್ಲೆ ಉಳದೈತಿ, ಕಾಕಾ" ಎಂದು ಅಗೇಟ್ ಒರಳನ್ನು ಅವನ ಮುಂದೆ ಸರಿಸಿದಳು. ಐದು ತಾಸು ಅರೆದ. ಆಯಸ್ಕಾಂತ ಹಿಡಿದರೆ ಒಂದು ಕಣವೂ ಏಳಲಿಲ್ಲ. ಹಾಲಸ್ವಾಮಿಯವರು ನಿಟ್ಟುಸಿರಿಟ್ಟರು, ಕೊಟ್ರಬಸಪ್ಪನೂ ಇಟ್ಟ. ಕಾರಣ ಬೇರೆ ಬೇರೆ.

ಮೂರು ವಾರದ ಮೇಲೆ, ಆಯಸ್ಕಾಂತ ಗುಣ ಅಳೆಯುವ ಬೆಂಗಳೂರಿನ ಯಂತ್ರದಿಂದ ಆ ಪುಡಿಯ ಗ್ರಾಫ್ ಬಂತು. ಲ್ಯಾಂಥನಮ್ ಇಲ್ಲದ ಪುಡಿಗೆ ನೆಟ್ಟಗೆ ಬಂದಿದ್ದ ಗೆರೆ, ಇಲ್ಲಿ ನಟ್ಟನಡುವೆ ಸಣ್ಣಗೆ ಬಾಯಿ ಬಿಟ್ಟಿತ್ತು. ಗಾಡಿ ಕೂದಲೆಳೆಯಷ್ಟು ಹಂದಾಡಿದ ಗುರುತು ಅದು.

"ಇಷ್ಟ ಏನು?" ಅಂದರು ಹಾಲಸ್ವಾಮಿಯವರು. "ದೊಡ್ಡದು ಮಾಡಿ ಪ್ರಿಂಟ್ ಹಾಕಸೋಣೇನು?"

"ಬ್ಯಾಡ್ರಿ ಸರ್, ಇದ್ದಷ್ಟ ಇರ್ಲಿ. ಇದು ಖರೇದು" ಎಂದು ಸುಮಲತಾ ನಕ್ಕಳು.

ಕೊಟ್ರಬಸಪ್ಪ ಫರ್ನೇಸಿನ ಕಡೆ ನೋಡಿದ. "ಮುಂದಿನ ಬಿಲ್ಲೆ ಯಾವಾಗ ಇಳೀತೈತವ್ವಾ?"

"ನಾಳೆ, ಕಾಕಾ. ಇದಕ್ಕಿಂತ ಗಟ್ಟಿ."

"ಹಂಗಾದ್ರ ಎರಡು ಹೊತ್ತಿನ ಬುತ್ತಿ ಕಟ್ಟಿಸ್ಕೊಂಡು ಬರ್ತೀನಿ."