ಖಾಲಿ ಬಂದರೆ ಬಿಟ್ಟುಬಿಡು

ಕಚೇರಿಯಲ್ಲಿ ಅವಳಿಗೆ ತಪಾಸಣೆ ಅಕ್ಕ ಅಂತಲೇ ಹೆಸರು. ಆಸ್ಪತ್ರೆಗಳಲ್ಲಿ ಔಷಧದ ಚೀಟಿ ಮುದ್ರಿಸುವ ಸಾಫ್ಟ್‌ವೇರ್ ಸರಿಯಾಗಿದೆಯೇ ಎಂದು ನೋಡುವುದು ಅವಳ ಕೆಲಸ. ಕಂಪ್ಯೂಟರೇ ತಾನಾಗಿ ನೋಡಿಕೊಳ್ಳುವಂತೆ ನಾನೂರು ಪರೀಕ್ಷೆ ಬರೆದಿಟ್ಟಿದ್ದಳು. 'ಔಷಧದ ಪ್ರಮಾಣ ಸರಿಯಿದೆಯೇ' ಎಂದು ತಾಳೆ ನೋಡುವ ಪ್ರೋಗ್ರಾಂ ತುಣುಕನ್ನು ಮಾತ್ರ ಒಂದೇ ಸಲ ಬರೆದು, ನಾನೂರು ಕಡೆಯೂ ಅದನ್ನೇ ಬಳಸುವಂತೆ ಮಾಡಿದ್ದಳು. ಬರೆದದ್ದನ್ನೇ ಬರೆಯಲು ಅವಳಿಗೇನು ಹುಚ್ಚೇ? ಹನ್ನೊಂದು ವರ್ಷ ದುಡಿದು ಹೈರಾಣಾಗಿದ್ದಳು. ಇವತ್ತು ಕೊನೆಯ ದಿನ. ಕೆಲಸ ಒಪ್ಪಿಸಿ, ಒಳ್ಳೆಯ ಹೆಸರು ಉಳಿಸಿಕೊಂಡು ಮನೆ ಸೇರಿದರೆ ಸಾಕಾಗಿತ್ತು.

ಒಪ್ಪಿಸಿಕೊಳ್ಳಲು ಬಂದವರು ಮೇಷ್ಟ್ರು. ಪಾಠ ಹೇಳುವುದು ಬಿಟ್ಟು, ನಡುವಯಸ್ಸಿನಲ್ಲಿ ಈ ಕೆಲಸ ಕಲಿತವರು. ಆ ತುಣುಕನ್ನು ಸಾಲು ಸಾಲಾಗಿ ಓದಿ, ಕನ್ನಡಕ ಮೇಲೇರಿಸಿದರು.

"ಮೇಡಂ, ಪ್ರಮಾಣ ಖಾಲಿ ಬಂದ್ರೆ ಬಿಟ್ಟುಬಿಡು ಅಂತ ಬರ್ದಿದ್ದೀರಲ್ಲ? ಖಾಲಿ ಉತ್ತರಪತ್ರಿಕೆಗೂ ಪಾಸ್ ಕೊಟ್ಟ ಹಾಗಾಯ್ತು!"

ಅವಳು ಬಗ್ಗಿ ಆ ಸಾಲು ನೋಡಿದಳು. ಏಳು ವರ್ಷದ ಹಿಂದೆ ಸರ್ವರ್ ಕೈಕೊಟ್ಟು ಪ್ರಮಾಣ ಖಾಲಿ ಬರುತ್ತಿದ್ದ ಒಂದು ವಾರ, ಬೆಳಗಾದರೆ ಪರೀಕ್ಷೆ ಫೇಲಾಯಿತೆಂದು ಸುಳ್ಳುಸುಳ್ಳೇ ಕೆಂಪು ಗುರುತು. ಬೈಸಿಕೊಂಡು ಸಾಕಾಗಿ ಹಾಕಿದ್ದ ಸಾಲು ಅದು. ಪಕ್ಕದಲ್ಲೇ 'ನಾಳೆ ತೆಗೆಯಬೇಕು' ಎಂದು ಅವಳೇ ಬರೆದುಕೊಂಡಿದ್ದಳು.

"ನೀವು ಹೊರಡಿ, ನಾನು ಆಮೇಲೆ ತೆಗೀತೀನಿ. ನಿಮ್ಮ ಹೆಸರು ಎತ್ತಲ್ಲ," ಎಂದರು ಮೇಷ್ಟ್ರು.

ಹೊರಟುಬಿಡಬೇಕೆಂದು ಅವಳಿಗೆ ನಿಜವಾಗಿಯೂ ಅನ್ನಿಸಿತು. ಕೆಳಗೆ ಗಂಡ ಕಾಯುತ್ತಿದ್ದ. ಆದರೆ ಮನಸ್ಸು ಒಪ್ಪಬೇಕಲ್ಲ! ಸಾಲನ್ನು ಅಳಿಸಿ ಪರೀಕ್ಷೆ ಓಡಿಸಿದಳು. ಮೂವತ್ತೊಂದು ಕೆಂಪು. ಹನಿ ಹಾಕುವ ಔಷಧಗಳ ಚೀಟಿಯಲ್ಲೆಲ್ಲ ಪ್ರಮಾಣದ ಜಾಗ ಖಾಲಿ.

ಬೀಳ್ಕೊಡಲು ಹೂಗುಚ್ಛ ಹಿಡಿದು ಬಂದ ಮ್ಯಾನೇಜರ್ ಪರದೆ ನೋಡಿ ನಿಂತರು.

"ಯಾರ ಕೆಲಸ ಇದು?"

"ನಂದೇ ಸಾರ್. ಏಳು ವರ್ಷದಿಂದ."

ಅವರು ಹೂವನ್ನು ಮೇಜಿನ ಮೇಲಿಟ್ಟರು. "ಮೊದ್ಲು ಆಸ್ಪತ್ರೆಗಳಿಗೆ ಫೋನ್ ಮಾಡಿ. ನೀವೇ ಮಾಡಿ," ಎಂದರು.

ಮೊದಲ ಆಸ್ಪತ್ರೆಯಲ್ಲಿ ಹಿರಿಯ ನರ್ಸ್ ಒಬ್ಬರು ಫೋನ್ ಎತ್ತಿದರು. ತಡವರಿಸುತ್ತ ಎಲ್ಲ ಹೇಳಿ, ಅವಳು ಬೈಗುಳಕ್ಕೆ ಕಾದಳು.

"ಓ, ಅದಾ? ನಾವು ದಿನಾ ಡಾಕ್ಟರನ್ನ ಕೇಳಿ ಕೈಯಲ್ಲೇ ಬರ್ಕೊಳ್ತೀವಮ್ಮ. ಮೊದಮೊದಲು ನಿಮಗೆ ದೂರು ಕೊಟ್ವಿ. ಪರೀಕ್ಷೆ ಮಾಡಿ ನೋಡಿದೀವಿ, ಎಲ್ಲ ಸರಿ ಇದೆ ಅಂತ ಉತ್ತರ ಬರ್ತಿತ್ತು. ಆಮೇಲೆ ಹೇಳೋದೇ ಬಿಟ್ವಿ."

ದನಿಯಲ್ಲಿ ಸಿಟ್ಟು ಕೂಡ ಇರಲಿಲ್ಲ, ಬರೀ ಸುಸ್ತು. ಆ ಉತ್ತರಗಳನ್ನು ಬರೆದು ಕಳಿಸುತ್ತಿದ್ದವಳು ಅವಳೇ.